ಸವೆದ ಕಡೆ

ಲೆಸ್ಟರಿನ ನಾರ್ಬರೋ ರಸ್ತೆ. ಚಿಪ್ಸ್ ಅಂಗಡಿಗೂ
ಮೊಬೈಲ್ ರಿಪೇರಿಗೂ ನಡುವೆ ಇಕ್ಕಟ್ಟಿನಲ್ಲಿ
ನನ್ನ ಹೊಲಿಗೆ ಯಂತ್ರ.
ಪ್ಯಾಂಟು ಮೋಟು ಮಾಡುತ್ತೇನೆ, ಜಿಪ್ಪು ಬದಲಿಸುತ್ತೇನೆ,
ಮದುವೆಗೆ ಮೂರೇ ದಿನವೆಂದು ಅಳುತ್ತ ಬಂದವರ
ಬೆನ್ನು ಬಿಚ್ಚಿ ಎರಡಿಂಚು ಬಿಡುತ್ತೇನೆ.
ಕುಣಿತ ನನಗೆ ಗೊತ್ತಿಲ್ಲ.
ಬಟ್ಟೆ ಗೊತ್ತು.

ನವೆಂಬರಿನ ಮಂಗಳವಾರ, ಜಿಟಿಜಿಟಿ.
ಫಿಕ್ರಿಯಾ ಬಂದಳು, ಎಪ್ಪತ್ತೆಂಟರ ಈಜಿಪ್ಟಿನವಳು,
ತರಕಾರಿ ಚೀಲದಲ್ಲಿ ಮೂರು ಉಡುಪು ತುರುಕಿಕೊಂಡು.
ಹಿಂದೆಯೇ ಗ್ವೆಂಡಾ, ಚರ್ಚಿನ ಹಾಲಿನಲ್ಲಿ
ಗುರುವಾರ ಗುರುವಾರ ಹೆಂಗಸರಿಗೆ
ಸೊಂಟದ ಪಾಠ ಹೇಳುವವಳು.
ಲೈಬ್ರರಿಯವರು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ.
ಹರಿದದ್ದು ಹೊಲಿದು ಕೊಡಬೇಕು,
ಯಾವುದು ಅಸಲು ಹಳೆಯದು ಎಂದು ಚೀಟಿ ಬರೆಯಬೇಕು.
ಬಸ್ಸಿನಲ್ಲೇ ಶುರುವಾದ ಜಗಳ
ನನ್ನ ಕೌಂಟರಿನ ಮೇಲೆ ಬಂದು ಕೂತಿತು.

ಮೊದಲನೆಯದು ಶಿಫಾನು, ಕಪ್ಪುಬಿಳುಪು ಸಿನಿಮಾ ಕಾಲದ್ದು.
ಅಂಚು ಇನ್ನೂ ಹೊಸದು, ನೆಲವನ್ನೇ ಕಂಡಿಲ್ಲ:
ಹಿಮ್ಮಡಿ ಎತ್ತಿ, ರಂಗದ ಉದ್ದಕ್ಕೂ ತೇಲಿದವಳದು.
ಕಂಕುಳಲ್ಲಿ ಸೀಳು, ಮುಸುಕು ಹಾರಿಸಿ ಹಾರಿಸಿ.
ಹೊಟ್ಟೆಗೊಂದು ಬಲೆ, ಬೇರೆ ದಾರ, ಯಾರದೋ ಅವಸರದ ಕೈ.
"ಕಾಯಿದೆ ಬಂತು," ಎಂದಳು ಫಿಕ್ರಿಯಾ,
"ಹೊಕ್ಕಳಿಗೂ ಸರ್ಕಾರಕ್ಕೂ ಜಗಳ."
ಗ್ವೆಂಡಾಗೆ ಇದೇ ಶಾಸ್ತ್ರ, ಇದೇ ಮೂಲ.
"ಕ್ಯಾಮೆರಾಗೆ ಕುಣಿದದ್ದು," ಎಂದು ಮುದುಕಿ ಮೂಗು ಮುರಿದಳು.

ಎರಡನೆಯದನ್ನು ಎತ್ತಲು ಎರಡು ಕೈ ಬೇಕು.
ಮಣಿಯ ಸಾಲು, ಸಾಲಿನ ಮೇಲೆ ಸಾಲು,
ನೈಲ್ ನದಿಯ ಮೇಲ್ದಂಡೆಯ ಗವಾಝಿ ಹೆಣ್ಣುಗಳದು.
ತೋಳಿನ ತುದಿಗೆ ಹಿತ್ತಾಳೆ ತಾಳದ ಹಸಿರು ಕಿಲುಬು.
ಎರಡೂ ಪಕ್ಕ ಸಮಸಮ ಸವೆದಿದೆ:
ಮೊರದಲ್ಲಿ ಕೇರಿದ ಹಾಗೆ ಎಡಕ್ಕೆ, ಬಲಕ್ಕೆ,
ಎಡಕ್ಕೆ, ಬಲಕ್ಕೆ, ಹೊಟ್ಟು ಹಾರುವ ತನಕ.
ಮಡಿಕೆ ಬಿಡಿಸಿದೆ, ಚಿಟಿಕೆಯಷ್ಟು ಮಣ್ಣು ಬಿತ್ತು.
ಊದಲಿಲ್ಲ. ಕಾಗದದಲ್ಲಿ ಕಟ್ಟಿಟ್ಟೆ.

ಮೂರನೆಯದನ್ನು ಫಿಕ್ರಿಯಾ ತಾನೇ ಬಿಚ್ಚಿದಳು.
ಅವಳಮ್ಮನದು. ಕೈರೋದ ಮಹಮ್ಮದಾಲಿ ಬೀದಿ,
ಮದುವೆ ಮೆರವಣಿಗೆ, ತಲೆಯ ಮೇಲೆ ದೀಪದ ಕೊಂಬೆ.
ಹೆಗಲ ಮೇಲೆ ಮೇಣದ ಹನಿ, ಉಗುರಿಗೆ ಸಿಗುತ್ತದೆ.
ಸವೆದದ್ದು ಒಂದೇ ಕಡೆ, ಬಲ ಸೊಂಟದ ಮೂಳೆಯ ಮೇಲೆ,
ಅಂಗೈಯಗಲ.
ಹಿಮ್ಮಡಿಯ ಬಳಿ ಅಂಚು ನಾರುನಾರು: ಪಾದ ಊರಿ ನಿಂತವಳು.
ಒಳಗೆ ಮೂರು ಸಲ ಸೊಂಟ ಬಿಟ್ಟಿದ್ದಾರೆ,
ಮೂರು ಬಣ್ಣದ ದಾರ, ಸೂಜಿಯ ಹಳೆ ತೂತುಗಳು ಹಾಗೇ ಇವೆ.
"ದಪ್ಪಗಾದ ಹಾಗೆಲ್ಲ ಅಮ್ಮ ಕಡಿಮೆ ಕುಣಿದಳು,
ಜನ ಹೆಚ್ಚು ದುಡ್ಡು ಎಸೆದರು."

"ಹೇಗೆ ಕಡಿಮೆ?" ಅಂದೆ ನಾನು. ಕೇಳಬಾರದಿತ್ತೇನೋ.
ಮುದುಕಿ ಕೋಟು ಬಿಚ್ಚಿದಳು.
ಶೆಲ್ಫಿನಿಂದ ನನ್ನ ಗುಂಡಿ ಡಬ್ಬ ಇಳಿಸಿ,
ಹುಬ್ಬಳ್ಳಿಯ ದುರ್ಗದ ಬೈಲಿನಿಂದ ತಂದ ಬಿಸ್ಕತ್ತಿನ ಡಬ್ಬ,
ತಲೆಯ ಮೇಲೆ ಇಟ್ಟುಕೊಂಡಳು.
ಇಸ್ತ್ರಿ ಮೇಜಿಗೂ ಕೌಂಟರಿಗೂ ನಡುವೆ ಇರುವುದು ನಾಲ್ಕು ಟೈಲು.
ಒಂದರ ಮೇಲೆ ನಿಂತಳು.
ಬೀಸುವ ಕಲ್ಲು ತಿರುಗುವ ಮುಂಚಿನ
ಆ ಒಂದು ಮಿಸುಕು ಇರುತ್ತದಲ್ಲ, ಗೂಟ ಹಿಡಿದಾಗ,
ಅಷ್ಟೇ. ಸೊಂಟದಲ್ಲಿ ಅಷ್ಟೇ.
ಆಮೇಲೆ ಇನ್ನೊಮ್ಮೆ, ಅದಕ್ಕೂ ಸಣ್ಣದು.
ಇನ್ನೂರು ಗುಂಡಿಗಳು, ಒಂದೂ ಬಾಯಿ ಬಿಡಲಿಲ್ಲ.

ಗ್ವೆಂಡಾ ತಾನೂ ಇಟ್ಟುಕೊಂಡು ನೋಡಿದಳು.
ಡಬ್ಬ ಗಲಗಲ ಅಂತು, ಜಗಳವೂ ನಕ್ಕುಬಿಟ್ಟಿತು.
ಆದರೂ ಹೋಗುವಾಗ ಬಾಗಿಲಲ್ಲಿ
"ಮುಸುಕು ಹಾರಿಸುವುದೂ ಸುಲಭ ಅಲ್ಲ," ಅಂದಳು ಗ್ವೆಂಡಾ,
ಫಿಕ್ರಿಯಾ ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ,
ಮಳೆಗೆ ಅವಳ ಕೊಡೆಯೊಳಗೇ ನುಗ್ಗಿದಳು.

ಕಂಕುಳ ಸೀಳು ಹೊಲಿದೆ, ಮಣಿ ಪೋಣಿಸಿದೆ.
ಅಂಗೈಯಗಲದ ಆ ಜಾಗಕ್ಕೆ ತೇಪೆ ಕತ್ತರಿಸಿದ್ದೆ,
ಇಟ್ಟು ನೋಡಿ ತೆಗೆದೆ.
ಎರಡು ಉಡುಪಿಗಷ್ಟೇ ಬಿಲ್ಲು ಬರೆದೆ.

ಶಟರು ಅರ್ಧ ಎಳೆದ ಮೇಲೆ,
ಬೀದಿಗೆ ನನ್ನ ಕಾಲು ಮಾತ್ರ ಕಾಣುವಷ್ಟು ಸಂದು,
ಡಬ್ಬ ತಲೆಗಿಟ್ಟುಕೊಂಡು ಅದೇ ಟೈಲಿನ ಮೇಲೆ ನಿಂತೆ.
ಐವತ್ತಮೂರು ವರ್ಷ ಯಂತ್ರಕ್ಕೆ ಬಾಗಿದ ಸೊಂಟ.
ತುಂಬ ಹೊತ್ತು ಏನೂ ಇಲ್ಲ.
ಆಮೇಲೆ ಒಂದು ಗುಂಡಿ, ಕೋಟಿನದಿರಬೇಕು, ದಪ್ಪನೆಯದು,
ಮಗ್ಗುಲು ಬದಲಿಸಿತು.