ಆಲ್ಟ್ರೇಷನ್

ಹೊಸ ಪ್ಯಾಂಟಿನ ತೊಡಿ ಮ್ಯಾಲೆ
ಉಪ್ಪುಕಾಗದ ತಿಕ್ಕಿ ತಿಕ್ಕಿ
ಹಳೇದು ಮಾಡೋದು ನನ್ನ ಕೆಲಸ.
ಮೊಣಕಾಲಿಗೆ ಎರಡು ಸೀಳು, ಜೇಬಿನ ಅಂಚಿಗೊಂದು ಗಾಯ.
ಗಾಯ ಚಲೋ ಬಂದ್ರ ಪ್ಯಾಂಟಿಗೆ ಇನ್ನೂರು ಜಾಸ್ತಿ,
ನನಗ ಒಂದಕ್ಕ ನಾಕು ರೂಪಾಯಿ.
ಸಂಜಿಗೆ ಉಗುರೆಲ್ಲ ನೀಲಿ.

ಕೌಲ್ ಬಜಾರಿನ ಶೆಡ್ಡಿನಿಂದ ಎದ್ದು
ಪಾರ್ವತಿನಗರದ ದವಾಖಾನಿಗೆ ಹೋಗಿ
ನನ್ನ ಗಾಯದ ರೇಟೂ ಕೇಳಿ ಬಂದೆ:
ಅರವತ್ತು ಸಾವಿರ. ಔಷಧ ಬ್ಯಾರೆ.

ಮೇಲ್ದುಟಿಯಿಂದ ಮೂಗಿನ ಹೊಳ್ಳಿ ತನಕ.
ಪಂಚಮಿ ಜೋಕಾಲಿ, ನನಗ ಎಂಟು ವರ್ಷ.
ನಾ ಬಿದ್ದೆ, ಹಲಗಿ ತಿರುಗಿ ಬಂತು.
ಬಾಯಾಗ ಎಳ್ಳುಂಡಿ ಇತ್ತು,
ಮೊದಲು ಬೆಲ್ಲ, ಅದರ ಹಿಂದ ಉಪ್ಪು.

ಡಾಕ್ಟರು ಊರಾಗಿರಲಿಲ್ಲ, ಕಂಪೌಂಡರ ಹೊಲಿದ.
ಹತ್ತೊಂಬತ್ತು ವರ್ಷ ಮಷೀನಿನ ಮುಂದ ಕುಂತಾಕಿ
ಕನ್ನಡಿಯಾಗ ಅವನ ಕೆಲಸ ನೋಡ್ತೀನಿ:
ಹಾಕಿದ್ದು ಐದು ಟಾಕಿ, ಬೇಕಾಗಿದ್ದು ಹನ್ನೆರಡು.
ದಾರ ಬಿಗಿ ಎಳದಾನ. ಅಂಚಿಗೆ ಅಂಚು ಕೂಡಿಸಿಲ್ಲ.
ಇಂಥ ಪೀಸು ನಾ ಹೊಲಿದಿದ್ರ
ಮಾಬುಸಾಬ ಮಾಸ್ತರ ನನ್ನ ಮಾರಿ ಮ್ಯಾಲೆ ಒಗೀತಿದ್ದ.

ನಕ್ಕರ ಒಂದು ಕಡಿಗಷ್ಟ ನಗು.
ಚಾ ಕುಡದ್ರ ಬಲಗಡಿ ಒಂದು ಹನಿ ಜಾರ್ತದ,
ಸೆರಗಿನ ಆ ಮೂಲಿ ಯಾವಾಗ್ಲೂ ಹಸಿ.
ಫೋಟೋಕ್ಕ ವಾರಿ ಆಗಿ ನಿಲ್ಲೋದು ಕಲತೀನಿ,
ಆಧಾರ್ ಕಾರ್ಡಿನವ ಮಾತ್ರ ನೆಟ್ಟಗ ನೋಡು ಅಂದ.

"ಒಳಗಿನ ಚೆಲುವು ಮುಖ್ಯ" ಅಂತಾಳ ಸೂಪರ್‌ವೈಜರ್ ಸುಭದ್ರಾ.
ಆಕಿ ಒಳಗಿಂದು ಇಲ್ಲೀತನಕ ಯಾರೂ ಕೇಳಿಲ್ಲ,
ಹೊರಗಿಂದ ಸಾಕಾಗೇತಿ.
"ಹಲ್ಲು ಕಟ್ಟಿಸ್ಕೊಂಡ್ರ ಯಾರರ ಪಾಪ ಅಂತಾರೇನು?"
ಅಂತಾಳ ಬಾಜೂ ಮಷೀನಿನ ಮುಮ್ತಾಜ.
ಮಗಳದು ಬ್ಯಾರೇ ಚಿಂತಿ:
"ಸಿಟ್ಟು ಬಂದ್ರ ನಿನ್ನ ಗೆರಿ ಬೆಳ್ಳಗಾಗ್ತದ.
ಅದು ಹೋದ್ರ ನಾ ಯಾವಾಗ ಓಡಬೇಕು?"

ರೊಕ್ಕ ಅಣ್ಣಂದು, ಗಾದಿಲಿಂಗಂದು.
ಅವತ್ತು ಜೋಕಾಲಿ ನೂಕಿದವ.
ತೋರಣಗಲ್ಲಿನಾಗ ಕ್ರೇನು ಓಡಸ್ತಾನ.
ಮೂವತ್ತು ವರ್ಷ ನನ್ನ ಜೋಡಿ ಮಾತಾಡುವಾಗ
ಹಣಿ ನೋಡ್ಯಾನ, ಇಲ್ಲಾ ಕಿವಿ.
ಹೋದ ವಾರ ಚೀಟಿ ಎತ್ತಿ
ಪ್ಲಾಸ್ಟಿಕ್ ಚೀಲ ತಂದು ಒಲಿ ಪಕ್ಕ ಇಟ್ಟ.
"ಸುಮ್ನ ಮಾಡಿಸ್ಕೋ" ಅಂದ, ಒಲಿಗೆ.

ಎರಡು ರಾತ್ರಿ ಆ ಚೀಲ ಅಕ್ಕಿ ಡಬ್ಬಿಯಾಗಿತ್ತು.
ಇದು ನನ್ನ ತುಟಿಗೋ ಅವನ ಕಣ್ಣಿಗೋ?
ನನ್ನ ನೋವು ಆ ಶ್ರಾವಣದಾಗ ಮುಗೀತು.
ಅವನಿಗೆ ಐದು ಟಾಕಿ ಹಾಕವರೂ ಇರಲಿಲ್ಲ.

ಡಾಕ್ಟರಮ್ಮ ನೀಲಿ ಪೆನ್ನಿಲೆ ತುಟಿ ಮ್ಯಾಲೆ
ಮಾಸ್ತರ ಚಾಕಿಲೆ ಹಾಕಿದಂಗ ಗುರ್ತು ಹಾಕಿ ಅಂದ್ಲು:
"ಗೆರಿ ಪೂರಾ ಹೋಗಂಗಿಲ್ಲ, ಸಣ್ಣಾಗ್ತದ."
ಇದನ್ನ ನನಗ ಹೇಳಬೇಕೇನು?
ಜೀನ್ಸಿನ ಹೊಲಿಗಿ ಬಿಚ್ಚಿ ನೋಡ್ರಿ,
ದಾರ ಬರ್ತದ, ಸೂಜಿ ತೂತು ಉಳೀತಾವ,
ಮಡಚಿದ ಕಡಿ ಬಟ್ಟಿ ಇನ್ನೂ ಕಡುನೀಲಿ,
ಬಿಸಿಲು ಕಂಡಿಲ್ಲ ಅದು.
ಆಲ್ಟ್ರೇಷನ್ ಆಗಬೇಕಂದ್ರ
ಒಳಗ ಒಂದಿಷ್ಟು ಬಟ್ಟಿ ಬಿಟ್ಟಿರಬೇಕು.

ನಾ ಬಿಟ್ಟಿದ್ದು ಇಷ್ಟ, ಯಾರಿಗೂ ಹೇಳದ್ದು:
ಅವತ್ತು ಅಣ್ಣ ಸಾಕು ಅಂದಿದ್ದ.
ಇನ್ನೂ ಜೋರಾಗಿ, ಗುಡ್ಡದ ಕ್ವಾಟಿ ಕಾಣೋ ಹಂಗ ನೂಕು,
ಅಂತ ಒದರಿದಾಕಿ ನಾನು.

ಅರ್ಧ ರೊಕ್ಕ ವಾಪಸ್ ಕೊಟ್ಟು ಹೇಳೇಬಿಟ್ಟೆ.
ಮೂವತ್ತು ನಿಂದು, ಮೂವತ್ತು ನಂದು.
ಅವ ನೋಟು ಎಣಿಸೋದು ನಿಲ್ಲಿಸಿದ.
ಮೊದಲ ಸಲ ನನ್ನ ಬಾಯಿ ನೋಡಿದ,
ಭಾಳ ಹೊತ್ತು,
ಗುಡ್ಡಕ್ಕ ಹೋಗೋ ಹಾದಿ ಹುಡುಕವ್ರಂಗ.
"ಕಂಡಿತ್ತೇನು ಕ್ವಾಟಿ?" ಅಂದ.
ಒಂದ ಚಣ, ಅಂದೆ.

ಇವತ್ತು ಮಾಬುಸಾಬಗ ಹತ್ತು ದಿನ ರಜಾ ಕೇಳೀನಿ.
"ಯಾಕ?" ಅಂದ, ಕತ್ರಿ ನಿಲ್ಲಸಲಿಲ್ಲ.
ಒಂದು ಹಳೇ ಪೀಸು ಐತಿ, ಆಲ್ಟ್ರೇಷನ್ನು.
"ಯಾವಾಗಿಂದ?"
ಪಂಚಮಿ ಮುಗೀಲಿ ಮಾಸ್ತರ,
ಈ ಬಾಯಿಲೇ ಇನ್ನೊಂದು ಎಳ್ಳುಂಡಿ ತಿಂತೀನಿ.
ಆಮ್ಯಾಲ ಹೋಗ್ತೀನಿ,
ಹೋದ್ರ.