ನಡಾವಳಿಯಲ್ಲಿ ಬರೆಯದ್ದು

ಸಭೆ ಸೇರಿದ್ದು ಬೈತಖೋಲದ ಮುಚ್ಚಿದ ಐಸ್ ಫ್ಯಾಕ್ಟರಿಯಲ್ಲಿ.
ಹನ್ನೊಂದು ಕುರ್ಚಿ, ಹದಿನಾರು ಜನ.
ನಡಾವಳಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು,
ಅಕ್ಷರ ದುಂಡಗಿದೆ ಎಂಬ ಹಳೆಯ ಅಪರಾಧಕ್ಕೆ.

ವಿಷಯ ಒಂದೇ:
ಮೂರು ಹೈಸ್ಕೂಲು, ಎರಡು ಕಾಲೇಜು, ವಿಶ್ವವಿದ್ಯಾಲಯದ ಒಂದು ವಿಭಾಗ,
ಎಲ್ಲರಿಗೂ ಸೇರಿ ಒಂದು ತಂತ್ರಜ್ಞಾನ ಕಲಿಕಾ ಕೇಂದ್ರ.
ಜಗಳ ಕೊಂಕಣಿಯಲ್ಲಿ, ನಡಾವಳಿ ಕನ್ನಡದಲ್ಲಿ.
ನಡುವೆ ನನ್ನ ಪೆನ್ನು,
ಕಾಳಿ ದಾಟುವ ದೋಣಿ,
ಅತ್ತ ಹೇರಿದ ಸರಕಿನಲ್ಲಿ ಒಂದಷ್ಟು ನೀರಿಗೆ ಬಿಟ್ಟೇ ಇತ್ತ ಬರುತ್ತದೆ.

ಗೋಡೆಯಲ್ಲಿ ಇನ್ನೂ ಅಮೋನಿಯದ ಘಾಟು.
ನೆಲದ ತುಂಬ ಮಂಜುಗಡ್ಡೆ ಎಳೆದ ಗೀರು.

ಪ್ರೊಫೆಸರ್ ವಿಲಾಸ ರಾಯ್ಕರ್ ನಕ್ಷೆ ಹರವಿದರು:
ನಲವತ್ತು ಕಂಪ್ಯೂಟರು, ಎರಡು ತ್ರೀಡಿ ಪ್ರಿಂಟರು,
ಒಂದು ಸರ್ವರ್ ಕೋಣೆ, ಅದಕ್ಕೆ ಹಗಲೂ ರಾತ್ರಿ ತಂಪು ಬೇಕು.
ಬಾಗಿಲಲ್ಲಿ ನಿಂತಿದ್ದ ಪುರ್ಸು ಹರಿಕಂತ್ರ,
ಇಪ್ಪತ್ತೆರಡು ವರ್ಷ ಇಲ್ಲಿ ಕಂಪ್ರೆಸರ್ ಕಾದವರು,
ಈಗ ಬೀಗ ಮಾತ್ರ ಕಾಯುವವರು, ನಕ್ಕರು.
‘ತಂಪಾ? ಇದು ತಂಪಿನದ್ದೇ ಮನೆ ಮಾಸ್ತರೇ.
ಆದರೆ ಉಪ್ಪುಗಾಳಿ ಉಂಟಲ್ಲ,
ಅದು ಹಾಜರಿಯಿಲ್ಲದೆ ಬಂದು ಕೂರುವ ವಿದ್ಯಾರ್ಥಿ.
ಕಬ್ಬಿಣವನ್ನು ಅಕ್ಷರ ಅಕ್ಷರ ತಿಂದು ಮುಗಿಸ್ತದೆ.’

ಬರೆದೆ: ತುಕ್ಕಿನ ಬಗ್ಗೆ ಚರ್ಚಿಸಲಾಯಿತು.

ವೇಳಾಪಟ್ಟಿಗೆ ಬಂದಾಗ ದನಿ ಏರಿತು.
ದೊಡ್ಡವರ ಪ್ರಾಜೆಕ್ಟು ಮಧ್ಯಾಹ್ನದಿಂದ ರಾತ್ರಿ ಹತ್ತರವರೆಗೆ.
ಹೈಸ್ಕೂಲಿಗೆ ಶನಿವಾರ ಬೆಳಿಗ್ಗೆ ಒಂದು ತಾಸು,
ಅದೂ ಮೇಲ್ವಿಚಾರಣೆಯಲ್ಲಿ, ಏನನ್ನೂ ಮುಟ್ಟದೆ.

‘ಮುಟ್ಟದೆ’ಯ ಮೇಲೆ ಪೆನ್ನು ನಿಂತಿತು.
ನಮ್ಮ ಶಾಲೆಯಲ್ಲೊಂದು ಕಂಪ್ಯೂಟರಿದೆ.
ಧೂಳು ಕೂರದಂತೆ ಹೆಡ್‌ಮಾಸ್ತರರು ಹೊಲಿಸಿದ ಗವಸು, ಹೂವಿನ ಬಟ್ಟೆ.
ಎಂಟು ವರ್ಷ ಆ ಹೂಗಳನ್ನೇ ತೋರಿಸಿ ಪಾಠ ಮಾಡಿದ್ದೇನೆ:
ಇದು ಮಾನಿಟರು. ಒಳಗಿದೆ. ನಂಬಿ.

ಆಗ ಎದ್ದಳು ಕಿನ್ನರದ ಪ್ರಣಾಲಿ ಗುನಗಿ,
ಹತ್ತನೇ ತರಗತಿ, ವಿದ್ಯಾರ್ಥಿ ಪ್ರತಿನಿಧಿ
(ಪ್ರತಿನಿಧಿ ಬೇಕೆಂದು ಸುತ್ತೋಲೆಯಲ್ಲಿತ್ತು, ಮಾತಾಡಲಿ ಎಂದಿರಲಿಲ್ಲ).
ನನ್ನ ಬಳಿ ಸೀಮೆಸುಣ್ಣ ಕೇಳಿದಳು.
ಪರ್ಸಿನಲ್ಲಿ ಚಿಲ್ಲರೆ ಇರದ ದಿನವೂ ಅದಿರುತ್ತದೆ.
ಮಂಡಿಯೂರಿ, ಹಳೆಯ ಗೀರುಗಳನ್ನು ದಾಟಿಸಿ ಗೆರೆ ಎಳೆದಳು.

‘ಇದು ಬಸ್‌ಸ್ಟ್ಯಾಂಡು. ನಮ್ಮೂರಿಗೆ ಕೊನೆ ಬಸ್ಸು ಐದೂ ಮುಕ್ಕಾಲಿಗೆ.
ಶಾಲೆ ಬಿಡೋದು ನಾಲ್ಕೂವರೆ.
ಇಲ್ಲಿಗೆ ಬರಲಿಕ್ಕೆ ಇಪ್ಪತ್ತು ನಿಮಿಷ, ಓಡಲಿಕ್ಕೆ ಇಪ್ಪತ್ತು.
ಉಳಿಯೋದು ಮೂವತ್ತೈದು.
ಅದು ಯಾರದ್ದು, ಸರ್?’

ಹೊರಗೆ ಯಾವುದೋ ಟ್ರಾಲರ್ ಎಂಜಿನ್ ಆರಿಸಿತು.

ರಾಯ್ಕರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು.
ನಾನು ಎಣಿಸಿರಲಿಲ್ಲ, ಇಸ್ತ್ರಿ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತು
ಅವಳ ಗೆರೆಯ ಪಕ್ಕ ತಾವೊಂದು ಗೆರೆ ಎಳೆದರು.
‘ನನ್ನವರು ಆರರ ಮೇಲೆ ಬರಲಿ.’

ಇಂಜಿನಿಯರಿಂಗಿನವರು ಗೊಣಗಿದರು, ಗೊಣಗುತ್ತಲೇ ಇದ್ದರು.
ಎಂ.ಎಸ್ಸಿ. ಓದುವ ಇನಾಸ ಸಿದ್ದಿ ಮಾತ್ರ ಗೋಡೆಗೊರಗಿ ಹೇಳಿದ:
‘ಆ ಮೂವತ್ತೈದರಲ್ಲಿ ನಾನೂ ಇರ್ತೇನೆ.
ಮೌಸು ಮೊದಲು ಹಿಡಿದಾಗ ನನಗೆ ಹತ್ತೊಂಬತ್ತು,
ಕೈ ನಡುಗಿತ್ತು.
ಇವರದ್ದು ಹದಿಮೂರಕ್ಕೇ ನಡುಗಿ ಮುಗಿಯಲಿ.’

ಬರೆದೆ: ಬಸ್ಸಿನ ವೇಳೆಗೆ ಹೊಂದಿಸಿಕೊಳ್ಳಲು ಒಪ್ಪಲಾಯಿತು.

ಹಣ ಎಲ್ಲಿಂದ, ತೀರ್ಮಾನವಿಲ್ಲ.
ಚಾವಣಿ ಮಳೆಗಾಲ ತಡೆದೀತೇ, ಗೊತ್ತಿಲ್ಲ.
ಬೀಗದ ಕೈ ಯಾರ ಬಳಿ ಎಂಬಲ್ಲಿ ಮತ್ತೆ ಕೊಂಕಣಿ ಶುರುವಾಯಿತು.
ಮುಂದಿನ ಸಭೆಯ ತಾರೀಕಿಗೆ ಜಾಗ ಖಾಲಿ ಬಿಟ್ಟಿದ್ದೇನೆ.

ಐದೂ ಇಪ್ಪತ್ತೈದಕ್ಕೆ ಪ್ರಣಾಲಿ ಓಡಿದಳು,
ನನ್ನ ಸೀಮೆಸುಣ್ಣ ಅವಳ ಮುಷ್ಟಿಯಲ್ಲೇ.

ಕುರ್ಚಿ ಮಡಚಿದ ಮೇಲೆ ಪುರ್ಸು ಪೊರಕೆ ಹಿಡಿದು ಬಂದರು,
ನೆಲ ನೋಡಿದರು, ನನ್ನನ್ನು ನೋಡಿದರು.
‘ಅಕ್ಕೋರೇ, ಇದನ್ನ ಗುಡಿಸಲೋ, ಬಿಡಲೋ?’

ಪುಸ್ತಕ ಮುಚ್ಚಿಯಾಗಿತ್ತು.