ಮಬ್ಬು ಚುಕ್ಕೆ

ತಿಳಿಯಾದ ಚುಕ್ಕೆ ಇಟ್ಟುಕೋ, ಮಬ್ಬಾದದ್ದು ಎಸೆ:
ಲಾಮ್ಜಿರಾ ನನಗೆ ಕಲಿಸಿದ ಮೊದಲ ಪಾಠ ಇಷ್ಟೇ.
ಗಾಜಿನ ತಟ್ಟೆಯಲ್ಲಿ ಹೆಪ್ಪಾದ ಅಗರ್,
ಅದರ ಮೇಲೆ ಬ್ಯಾಕ್ಟೀರಿಯಾದ ಹಾಸು,
ಹಾಸಿನಲ್ಲಿ ಅಲ್ಲಲ್ಲಿ, ನುಸಿ ತಿಂದ ಉಣ್ಣೆಯಂತೆ, ತೂತು.
ತೂತಿನಲ್ಲಿ ಆಚೆಯ ಬೆಳಕು ಕಂಡರೆ
ಆ ವೈರಸ್ಸು ಕೊಲ್ಲುವ ಜಾತಿ;
ಮದ್ದಾಗುತ್ತದೆ, ಸೀಸೆಗಿಳಿಯುತ್ತದೆ,
ಕೊಳೆತ ಗಾಯಕ್ಕೆ ಸುರಿಯುತ್ತಾರೆ.
ನಡುವೆ ಮಬ್ಬಿದ್ದರೆ, ಕನ್ನಡಿಗೆ ಉಸಿರು ತಾಗಿದಂತೆ,
ಅಲ್ಲಿ ಯಾರೋ ಸಾಯದೆ ಉಳಿದಿದ್ದಾರೆ.
ಉಳಿದವರ ಒಳಗೆ ಅದೂ ಉಳಿದಿದೆ.

ತೊಂಬತ್ತಮೂರರ ಚಳಿಗಾಲ. ತ್ಬಿಲಿಸಿಗೆ ಕರೆಂಟಿಲ್ಲ.
ಬ್ರೆಡ್ಡಿನ ಸಾಲಿಗೆ ರಾತ್ರಿ ಮೂರಕ್ಕೇ ನಿಲ್ಲಬೇಕು.
ಮ್ತ್ಕ್ವಾರಿ ನದಿಯಿಂದ ಬೀಸುವ ಗಾಳಿಗೆ
ಪ್ರಯೋಗಶಾಲೆಯ ಕಿಟಕಿಗೆಲ್ಲ ರಟ್ಟು ಬಡಿದಿತ್ತು.
ಶಾಖಪೆಟ್ಟಿಗೆ ತಣ್ಣಗೆ ಕೂತಿತ್ತು.
ಲಾಮ್ಜಿರಾ ನಳಿಗೆಗಳನ್ನು ಶಾಲಿನಲ್ಲಿ ಸುತ್ತಿ
ಹೊಟ್ಟೆಗೆ ಕಟ್ಟಿಕೊಂಡು ಮಲಗುತ್ತಿದ್ದಳು.
ಮೂವತ್ತೇಳು ಡಿಗ್ರಿ, ಪುಗಸಟ್ಟೆ, ಅನ್ನುತ್ತಿದ್ದಳು.
ಐವತ್ತೆಂಟಕ್ಕೆ ಬಸುರಿ! ಎಂದು ನಕ್ಕವನು ಕಾವಲುಗಾರ ಜುಂಬೇರಿ.

ಒಳಗೆ ಅದು ಏನು ಮಾಡುತ್ತಿರುತ್ತದೆ? ಕೇಳಿದೆ.
ಏನೂ ಇಲ್ಲ. ಇದೆ, ಅಷ್ಟೆ.
ಮನೆಯವರ ದಾರಕ್ಕೆ ತನ್ನ ದಾರ ಸೇರಿಸಿ ಹೊಲಿದುಕೊಂಡು,
ತನ್ನ ತುಟಿಗೆ ತಾನೇ ಬೆರಳಿಟ್ಟುಕೊಂಡು.
ಮನೆ ಎರಡಾದರೆ ಅದೂ ಎರಡು.
ಎರಡು ನಾಲ್ಕಾದರೆ ನಾಲ್ಕು.
ಬಾಡಿಗೆಯನ್ನೂ ಕೊಡುತ್ತದೆ, ಅಂದಳು:
ತನ್ನದೇ ಕುಲದ ಇನ್ನೊಂದು ನುಗ್ಗಿ ಬಂದರೆ
ಅದರ ತುಟಿಗೂ ಅದೇ ಬೆರಳು.
ಹಾಗಂತ ನಂಬಬೇಡ.
ಉಂಡ ಮನೆಯ ಜಂತೆ ಎಣಿಸುತ್ತಲೇ ಇರುತ್ತದೆ.

ಬೂದಿ ಮುಚ್ಚಿದ ಕೆಂಡ, ಎಂದು ಬರೆದುಕೊಂಡೆ.
ನನ್ನ ಪೆನ್ನು ಕಿತ್ತು ಹೊಡೆದುಹಾಕಿದಳು.
ಕೆಂಡ ಬೆಳಗಾಗುವುದರೊಳಗೆ ಆರುತ್ತದೆ.
ಕೆಂಡಕ್ಕೆ ಮಕ್ಕಳಾಗುವುದಿಲ್ಲ.

ಫೆಬ್ರವರಿಯ ಒಂದು ನಡುರಾತ್ರಿ ದೀಪ ಬಂತು. ಓಡಿದೆವು.
ಮಬ್ಬು ಚುಕ್ಕೆಯಿಂದ ಬೆಳೆಸಿದ ಸಾರು,
ಮಾಟ್ಸೋನಿ ಮೊಸರು ಕದಡಿದಂತೆ ಬೆಳ್ಳಗೆ.
ಅಗಲ ತಟ್ಟೆಗೆ ಸುರಿದು, ಮುಚ್ಚಳ ತೆಗೆದು
ನೇರಳಾತೀತ ದೀಪದಡಿ ಹದಿನೈದು ಸೆಕೆಂಡು.
ಮನೆಗೆ ಪೆಟ್ಟು ಬಿದ್ದದ್ದು ಒಳಗಿನದಕ್ಕೆ ಗೊತ್ತಾಗುತ್ತದೆ.
ಬೆರಳು ಮುರಿಯುತ್ತದೆ. ಬಾಯಿ ಬಿಡುತ್ತದೆ.
ಮತ್ತೆ ನಳಿಗೆಗೆ, ಮತ್ತೆ ಹೊಟ್ಟೆಗೆ, ಮತ್ತೆ ಕತ್ತಲು.
ಒಂದೂವರೆ ಗಂಟೆಯ ಮೇಲೆ ಬಿಚ್ಚಿದಾಗ
ತಿಳಿನೀರು.
ಒಂದು ಮನೆಯೂ ನಿಂತಿರಲಿಲ್ಲ.

ಆ ವಾರವೇ ಕಾವಲುಗಾರನ ಕೋಣೆಗೆ ಫೋನು.
ಒಚಾಮ್ಚಿರೆ ಬಿಟ್ಟು, ಹಿಮದ ಕಣಿವೆ ನಡೆದು ದಾಟಿದವರೊಬ್ಬರು
ಅವಳ ತಮ್ಮನ ಸುದ್ದಿ ಹೇಳಿದರು.
ಹದಿನಾಲ್ಕು ತಿಂಗಳು ಅವಳ ಜಾರ್ಜಿಯನ್ ಕೇಳಿದ್ದೆ,
ವರದಿಯಲ್ಲಿ ಅವಳ ರಷ್ಯನ್ ಓದಿದ್ದೆ.
ರಿಸೀವರ್ ಹಿಡಿದು ಅವಳು ಕೂಗಿದ್ದು ಬೇರೆಯೇ.
ಮೆಗ್ರೆಲಿಯನ್, ಜುಂಬೇರಿ ಪಿಸುಗುಟ್ಟಿದ. ಮನೆಮಾತು.
ಟೋಪಿ ತೆಗೆದು ನಿಂತ.
ನಮಗಿಬ್ಬರಿಗೂ ಒಂದು ಪದ ತಿಳಿಯಲಿಲ್ಲ.
ತಿಳಿಯದ್ದೂ ಏನಿರಲಿಲ್ಲ.

ವರ್ಷಗಳ ಮೇಲೆ
ಇದನ್ನೂ ಅದನ್ನೂ ಹೊಂದಿಸಿ ಹೇಳಲು ಹೋದೆ.
ಪೆದ್ದಿ, ಅಂದಳು. ವೈರಸ್ಸು ವೈರಸ್ಸೇ.
ನಮ್ಮಮ್ಮ ನಮ್ಮಮ್ಮನೇ.
ಟೀಗೆ ನೀರಿಡು.

ಈಗ ಅವಳಿಲ್ಲ.
ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ ಒಂದು ನಳಿಗೆ ಸಿಕ್ಕಿತು,
ಅದೇ ಮಬ್ಬು ಚುಕ್ಕೆಯದು.
ಎಸೆ ಎಂದವಳೇ ಎಸೆದಿರಲಿಲ್ಲ.
ಚೀಟಿಯ ಮೇಲೆ ಅವಳ ಕೈಬರಹ:
ಅಕ್ಷರ ನನಗೆ ಬರುವುದೇ, ಪದ ಬಾರದು.
ಜುಗ್ದಿದಿಯ ಕಡೆಯವರು ಈ ಮಹಡಿಯಲ್ಲೇ ಇಬ್ಬರಿದ್ದಾರೆ.
ಕೇಳಿಲ್ಲ.

ಆರು ತಿಂಗಳಿಗೊಮ್ಮೆ ಹೊಸ ಅಗರಿಗೆ ಚುಚ್ಚಿ ದಾಟಿಸುತ್ತೇನೆ.
ದೀಪದ ಗುಂಡಿ ಕೈಯಳತೆಯಲ್ಲೇ ಇದೆ, ಮುಟ್ಟುವುದಿಲ್ಲ.
ಹಳೆಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು
ಹೊಸದರ ಮೇಲೆ ಆ ಪದವನ್ನು
ಗೆರೆಗೆರೆಯಾಗಿ ನಕಲು ಮಾಡುತ್ತೇನೆ,
ಒಂದು ಕೊಂಬೂ ತಪ್ಪದಂತೆ.